ಕುರ್ಚಿ ಕೊಟ್ಟವರ ಊರಿನಲ್ಲಿ ಗಾಲಿಯಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬೀದಿಯ ನಲ್ಲಿ ಒಣ ಗಾಳಿಯನ್ನಷ್ಟೇ ಬುಸುಗುಡುತ್ತಿದೆ. ಆಗಲೇ ಗಾಲಿಯಕ್ಕ ಮನೆಯ ಮುಂದಿನ ಜಗಲಿಯಲ್ಲಿ ಒಂದು ಗಾಲಿಕುರ್ಚಿಯನ್ನು ತಲೆಕೆಳಗು ಮಾಡಿಕೊಂಡು ಕೂತಿದ್ದಾರೆ. ಎಡಗೈಯಲ್ಲಿ ಕುರ್ಚಿಯ ಮುಂದಿನ ಪುಟ್ಟ ಚಕ್ರ, ಬಲಗೈಯಲ್ಲಿ ಹಳೆಯ ಬ್ಲೇಡು. ಚಕ್ರದ ಅಚ್ಚಿಗೆ ಬಿಗಿಯಾಗಿ ಸುತ್ತಿಕೊಂಡಿರುವ ಕೂದಲು, ದಾರ, ಹಾಸಿಗೆಯ ಹತ್ತಿ ಎಲ್ಲವನ್ನೂ ಕುಯ್ದು ಕುಯ್ದು ಎಳೆದು ಹಾಕುತ್ತಿದ್ದಾರೆ.

"ಓಡ್ತಾ ಇಲ್ಲ, ಕೆಟ್ಟುಹೋಯ್ತು ಅಂತ ತಂದು ಎಸೀತಾರೆ. ಅರ್ಧಕ್ಕರ್ಧ ಕುರ್ಚಿಗಳಿಗೆ ಇಷ್ಟೇ ಕಾಯಿಲೆ. ಮನೆಯೆಲ್ಲ ಸುತ್ತಿರುತ್ತೆ ನೋಡಿ, ಮನೆಮಂದಿಯ ತಲೆಗೂದಲೆಲ್ಲ ಇದರ ಹೊಟ್ಟೆಗೇ ಹೋಗಿರುತ್ತೆ."

ಬ್ಲೇಡಿನ ಬಾಯಿಗೆ ಬಂದ ಸಿಕ್ಕಿನಲ್ಲಿ ಕಪ್ಪು ಕೂದಲಿದೆ, ಬಿಳಿಯದೂ ಇದೆ. ಈ ಕುರ್ಚಿಯಲ್ಲಿ ಕೂರುತ್ತಿದ್ದ ಮುದುಕ ಹೋದ ವಾರ ತೀರಿಕೊಂಡರು. ಅವರ ಮಗ ಕುರ್ಚಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಕರೆಗಂಟೆಯನ್ನೂ ಒತ್ತದೆ ಹೋಗಿಬಿಟ್ಟಿದ್ದ. ಗಾಲಿಯಕ್ಕ ಸಿಕ್ಕನ್ನು ಡಬ್ಬಕ್ಕೆ ಹಾಕುತ್ತಾರೆ. "ಯಾರದು ಅಂತ ನೋಡೋಕೆ ಹೋಗಲ್ಲ. ನೋಡ್ತಾ ಕೂತ್ರೆ ಕೈ ಓಡಲ್ಲ."

ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿದೆ. ಅದು ನಾದಿನಿಯದು. ಹರಿದ ಸೀಟುಗಳಿಗೆ ದಪ್ಪ ಬಟ್ಟೆ ಹೊಲಿಯುವುದು ಅವರ ಪಾಲಿನ ಕೆಲಸ, ಮಾತಾಡುವುದು ಅವರ ಅಭ್ಯಾಸ. "ನಮ್ಮತ್ತಿಗೆ ಮನೇಲಿ ಕಾಲಿಗಿಂತ ಚಕ್ರಗಳೇ ಜಾಸ್ತಿ ಕಣ್ರೀ. ಕತ್ತಲಲ್ಲಿ ಎದ್ರೆ ಯಾವುದಾದ್ರೂ ಒಂದು ಕುರ್ಚಿ ಒದ್ದೇ ಒದೆಯುತ್ತೆ," ಎಂದು ಯಂತ್ರ ನಿಲ್ಲಿಸದೆಯೇ ಕೂಗಿ ಹೇಳುತ್ತಾರೆ.

ಗಾಲಿಯಕ್ಕ ಈ ಕೆಲಸವನ್ನು ಇಷ್ಟಪಟ್ಟು ಹಿಡಿದವರಲ್ಲ. ಅವರ ಗಂಡ ಸೈಕಲ್ ರಿಪೇರಿ ಮಾಡುತ್ತಿದ್ದರು. ರಸ್ತೆಯಂಚಿನಲ್ಲಿ ಕೂತು ಪಂಕ್ಚರ್ ಹಾಕುತ್ತಿದ್ದಾಗ ಹಿಂದಕ್ಕೆ ಬಂದ ಲಾರಿಯೊಂದು ಅವರ ಬೆನ್ನಿಗೆ ಬಡಿಯಿತು. ಆಮೇಲೆ ಸೊಂಟದಿಂದ ಕೆಳಗೆ ಸ್ವಾಧೀನವೇ ಉಳಿಯಲಿಲ್ಲ. ತಿಂಗಳುಗಟ್ಟಲೆ ಗೋಡೆ ನೋಡಿಕೊಂಡು ಮಲಗಿದ್ದ ಮನುಷ್ಯನನ್ನು ಒಂದು ದಿನ ಊರಿನ ಸೇವಾ ಸಂಘದವರು ಕಾರಿನಲ್ಲಿ ಕರೆದುಕೊಂಡು ಹೋದರು. ವೇದಿಕೆ, ದೀಪ, ಮೈಕು ಎಲ್ಲ ಇತ್ತು. ಹೊಸ ಗಾಲಿಕುರ್ಚಿಯಲ್ಲಿ ಕೂರಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ರಾತ್ರಿ ಗಂಡ ಹೆಂಡತಿ ಇಬ್ಬರೂ ಕಿಟಕಿಯ ಬಳಿ ಕೂತು ಊಟ ಮಾಡಿದರು.

ಮರುದಿನ ಬೆಳಿಗ್ಗೆ ಸಂಘದ ಟೆಂಪೊ ಬಂತು. ಪಕ್ಕದೂರಿನಲ್ಲಿ ಅಂಥದ್ದೇ ಕಾರ್ಯಕ್ರಮ, ಕುರ್ಚಿ ಕಮ್ಮಿ ಬಿದ್ದಿದೆ, ಸಂಜೆಗೆ ವಾಪಸು ತರುತ್ತೇವೆ ಎಂದರು. ಗಂಡ ಆಗ ಅದೇ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದರು.

"ಬಹಳ ಮರ್ಯಾದೆಯಿಂದಲೇ ಇಳಿಸಿದ್ರು," ಎನ್ನುತ್ತಾರೆ ಗಾಲಿಯಕ್ಕ. "ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಕಾಲು ಎಲ್ಲೂ ತಾಗದ ಹಾಗೆ ಹಿಡ್ಕೊಂಡ. ಹಾಸಿಗೆ ಮೇಲೆ ಮಲಗಿಸಿ ಹೊದಿಕೆ ಕೂಡ ಹೊದಿಸಿದ್ರು. ನಮ್ಮೆಜಮಾನರು ಅವರಿಗೆ ಥ್ಯಾಂಕ್ಸ್ ಅಂದ್ರು. ಬಾಯಿ ತಪ್ಪಿ ಬಂದುಬಿಡ್ತು, ಪಾಪ."

ಆ ಸಂಜೆ ಇಂದಿಗೂ ಬಂದಿಲ್ಲ. ಕಾದೂ ಕಾದೂ ಸಾಕಾಗಿ ಗಾಲಿಯಕ್ಕ ಸಂಘದ ಕಚೇರಿಗೆ ಹೋದರು. ಕಚೇರಿಯ ಹಿಂದಿದ್ದ ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಇಣುಕಿದರೆ, ಮುರಿದ ಗಾಲಿಕುರ್ಚಿಗಳು ಒಂದರ ಮೇಲೊಂದು, ಸೂರಿನವರೆಗೆ. ಒಂದೊಂದರ ಬೆನ್ನಿಗೂ ಕೊಟ್ಟವರ ಹೆಸರು, ದಪ್ಪಕ್ಷರದಲ್ಲಿ. ಕುರ್ಚಿಗೆ ಚಕ್ರವಿಲ್ಲದಿದ್ದರೂ ಹೆಸರು ಮಾತ್ರ ಮಾಸಿರಲಿಲ್ಲ. ಮೂಗಿಗಿಂತ ಮೂಗುತಿ ಭಾರ! ಅಲ್ಲಿಗೆ ಬಂದ ಸಂಘದ ಅಧ್ಯಕ್ಷರು, "ಅವೆಲ್ಲ ಕೆಲಸಕ್ಕೆ ಬಾರದವು ಅಮ್ಮಾ, ಬೇಕಾದ್ರೆ ಒಂದು ತಗೊಂಡು ಹೋಗಿ," ಎಂದರು.

ಗಾಲಿಯಕ್ಕ ಒಂದನ್ನು ಎಳೆದುಕೊಂಡು ಬಂದರು. ಗಂಡ ಹಾಸಿಗೆಯಿಂದಲೇ ಹೇಳಿಕೊಟ್ಟರು, ಹೆಂಡತಿ ಅವರದೇ ಸ್ಪ್ಯಾನರ್ ಹಿಡಿದು ಮಾಡಿದರು. ಕಡ್ಡಿ ಬಿಗಿಯುವಾಗ ಚಕ್ರ ಸೊಟ್ಟಗಾದರೆ ಗಂಡ ಬೈಯುತ್ತಿದ್ದರು, ಬೈಗುಳ ಜೋರಾದಷ್ಟೂ ಗಾಲಿಯಕ್ಕನಿಗೆ ಸಮಾಧಾನವಾಗುತ್ತಿತ್ತು. ಬಿದ್ದ ಮೇಲೆ ಆ ಮನುಷ್ಯ ಯಾರನ್ನೂ ಬೈದೇ ಇರಲಿಲ್ಲ. ಕುರ್ಚಿ ಓಡಿತು. ಅದನ್ನು ಕಂಡ ಅಧ್ಯಕ್ಷರು ಉಳಿದವನ್ನೂ ನೋಡಿ ಎಂದರು. ಶೆಡ್ಡಿನ ಒಂದು ಮೂಲೆ ಸಿಕ್ಕಿತು, ಊರಿನವರ ಬಾಯಲ್ಲಿ ಒಂದು ಹೆಸರೂ ಸಿಕ್ಕಿತು.

ವರ್ಷಗಳು ಉರುಳಿದವು. ಬಿದ್ದವರ ಮನೆಗೆ ಕುರ್ಚಿ ಎರವಲು ಹೋಗುತ್ತಿತ್ತು, ಎದ್ದರೆ ಅಥವಾ ಸತ್ತರೆ ವಾಪಸು ಬರುತ್ತಿತ್ತು. ಗಾಲಿಯಕ್ಕನ ಗಂಡ ತೀರಿಕೊಂಡಾಗಲೂ ಹಾಗೆಯೇ ಆಯಿತು. ಅದೇ ವಾರ ಅವರು ಗಂಡನ ಕುರ್ಚಿಯನ್ನು ತೊಳೆದು, ಒರೆಸಿ, ಶೆಡ್ಡಿಗೆ ತಂದು ನಿಲ್ಲಿಸಿದರು. ಎರಡು ದಿನ ಕಳೆಯುವುದರೊಳಗೆ ಅದು ಇನ್ನೊಂದು ಮನೆ ಸೇರಿತ್ತು.

ಹೋದ ವರ್ಷ ಸಂಘಕ್ಕೆ ದೊಡ್ಡ ದಾನಿಯೊಬ್ಬರು ಸಿಕ್ಕರು. ಹಳೆಯ ಕುರ್ಚಿ ತಂದೊಪ್ಪಿಸಿದವರಿಗೆಲ್ಲ ವೇದಿಕೆಯ ಮೇಲೆ ಹೊಸ ಕುರ್ಚಿ ಎಂದು ಸಾರಿದರು. ಶೆಡ್ಡು ಕೆಡವಿ ಸಭಾಂಗಣ ಕಟ್ಟುವುದೆಂದೂ ತೀರ್ಮಾನವಾಯಿತು. ಒಂದು ಮಧ್ಯಾಹ್ನ ಗುಜರಿಯ ಲಾರಿ ಬಂದು ನಿಂತಿತು. ಓಡುವ ಕುರ್ಚಿ, ಓಡದ ಕುರ್ಚಿ ಎಂಬ ಭೇದವಿಲ್ಲದೆ ಎಲ್ಲವನ್ನೂ ಎತ್ತಿ ಎತ್ತಿ ಒಗೆದರು. ಗಾಲಿಯಕ್ಕ ಬೇಡವೆಂದರು, ಕೈ ಅಡ್ಡ ಹಿಡಿದರು. ಕೂಲಿಯಾಳುಗಳು ಅವರನ್ನು ನಯವಾಗಿ ಪಕ್ಕಕ್ಕೆ ಸರಿಸಿದರು. ಹೊಸದರ ಆಸೆಗೆ ಯಾರೋ ತಂದೊಪ್ಪಿಸಿದ್ದ ಗಂಡನ ಕುರ್ಚಿಯೂ ಆ ರಾಶಿಯಲ್ಲಿತ್ತು.

ಅದೊಂದನ್ನಾದರೂ ಕೇಳಬಹುದಿತ್ತಲ್ಲ? ಈ ಪ್ರಶ್ನೆಗೆ ಗಾಲಿಯಕ್ಕ ಕೈಯಲ್ಲಿದ್ದ ಬ್ಲೇಡನ್ನು ಕೆಳಗಿಡುತ್ತಾರೆ. "ಕೇಳಿದ್ರೆ ಕೊಡ್ತಿದ್ರು. ವೇದಿಕೆ ಹತ್ತಿಸಿ, ಚಪ್ಪಾಳೆ ಹೊಡೆಸಿ, ಫೋಟೋ ತೆಗೆಸಿ ಕೊಡ್ತಿದ್ರು. ಬೇಡ ಅನ್ನಿಸ್ತು."

ಹೊಸ ಕುರ್ಚಿಗಳ ಸಂಭ್ರಮ ಬಹಳ ದಿನ ಬಾಳಲಿಲ್ಲ. ಪಕ್ಕದ ಬೀದಿಯ ದರ್ಜಿಯ ಕುರ್ಚಿಯ ಕಾಲಿಡುವ ಹಲಗೆ ಮೊದಲ ತಿಂಗಳಲ್ಲೇ ಕಳಚಿತು, ಆಮೇಲೆ ಮುಂದಿನ ಚಕ್ರ. ಅವರು ಅಂಗಡಿ ಮುಚ್ಚಿ ಮನೆಯಲ್ಲಿ ಕೂತರು. "ಹಳೇದು ಕುಂಟ್ತಾ ಆದ್ರೂ ಅಂಗಡಿ ತನಕ ಹೋಗೋದು," ಎನ್ನುತ್ತಾರೆ ದರ್ಜಿ. "ಹೊಸದು ಸಿಕ್ಕ ದಿನದ ಫೋಟೋ ಸಂಘದ ಗೋಡೆ ಮೇಲಿದೆ. ನಾನು ನಗ್ತಾ ಇದೀನಿ. ಅದನ್ನ ಇಳಿಸಿ ಅಂತ ಹೇಳಿಸಿದೆ. ಚೆನ್ನಾಗಿ ಬಂದಿದೆ, ಇರ್ಲಿ ಅಂದ್ರಂತೆ." ಅವರ ಕುರ್ಚಿಗೆ ಮಗುವಿನ ಸೈಕಲ್ಲಿನ ಚಕ್ರ ಕೂರಿಸಿಕೊಟ್ಟವರು ಗಾಲಿಯಕ್ಕ. ದರ್ಜಿ ಮತ್ತೆ ಅಂಗಡಿ ತೆರೆದಿದ್ದಾರೆ.

ಅಧ್ಯಕ್ಷರು ಮಾತಾಡುವುದು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ. "ಹೊಸ ಕುರ್ಚಿ ಕೊಡಿ ಅಂದರೆ ದಾನಿಗಳು ಮುಂದೆ ಬರುತ್ತಾರೆ. ರಿಪೇರಿಗೆ ಕೊಡಿ ಅಂದರೆ ಫೋನೇ ಎತ್ತುವುದಿಲ್ಲ. ನಾನೇನು ಮಾಡಲಿ, ಹೇಳಿ?" ಆ ಮಾತನ್ನು ಗಾಲಿಯಕ್ಕನಿಗೆ ಹೇಳಿದರೆ ಅವರು ತಲೆಯಾಡಿಸುತ್ತಾರೆ. "ಅದರಲ್ಲಿ ಸುಳ್ಳಿಲ್ಲ. ಟೈರ್ ಕೊಡೋರು ಯಾರೂ ಇಲ್ಲ. ಟೈರ್ ಮೇಲೆ ಹೆಸರು ಬರೆಯೋಕೆ ಜಾಗ ಇರಲ್ಲ ನೋಡಿ."

ಸಂಘಕ್ಕೆ ಈ ವರ್ಷ ಅತ್ಯುತ್ತಮ ಸೇವೆಯ ಪ್ರಶಸ್ತಿ ಬಂದಿದೆ. ಅದೇ ವಾರ ಸಂಘದಿಂದ ಗಾಲಿಯಕ್ಕನಿಗೊಂದು ಫೋನೂ ಬಂದಿತ್ತು. ಇನ್ನು ಮುಂದೆ ಸಂಘದ ಹೆಸರು ಹೇಳಿ ರಿಪೇರಿ ಮಾಡಬೇಡಿ, ಏನಾದರೂ ಹೆಚ್ಚುಕಮ್ಮಿಯಾದರೆ ನಮ್ಮ ತಲೆಗೆ ಬರುತ್ತದೆ ಎಂದರಂತೆ. ನಾದಿನಿ ಫೋನು ಕಸಿದುಕೊಂಡು, "ನಿಮ್ಮ ಹೆಸರು ಉಜ್ಜಿ ತೆಗೆಯೋಕೆ ನಮಗೆ ಅರ್ಧ ದಿನ ಹಿಡಿಯುತ್ತೆ ಸ್ವಾಮಿ, ನಾವ್ಯಾಕೆ ಹೇಳೋಣ?" ಎಂದು ಇಟ್ಟರಂತೆ. ಹೇಳುವಾಗ ಗಾಲಿಯಕ್ಕ ನಗುವುದಿಲ್ಲ. ಒಳಗೆ ನಾದಿನಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ. ಗಾಲಿಯಕ್ಕ ಕುರ್ಚಿಯನ್ನು ನೇರ ನಿಲ್ಲಿಸಿ ತೊಳೆಯುತ್ತಾರೆ. ಇದು ಇವತ್ತೇ ಹಿಂದಿನ ಬೀದಿಯ ನಿವೃತ್ತ ನರ್ಸೊಬ್ಬರ ಮನೆಗೆ ಹೋಗಬೇಕು. ಆಸ್ಪತ್ರೆಯಲ್ಲಿ ಎಷ್ಟೋ ಜನರನ್ನು ಎತ್ತಿ ಮಲಗಿಸಿದ ಆ ಹೆಂಗಸಿಗೆ ಈಗ ಬಚ್ಚಲಿಗೆ ಹೋಗಲು ಸೊಸೆಯ ಹೆಗಲು ಬೇಕು. ಸಂಘ ಕೊಟ್ಟ ಕುರ್ಚಿ ಬಚ್ಚಲ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಲಿಯಕ್ಕ ನಿನ್ನೆಯೇ ಹೋಗಿ ಬಾಗಿಲಿಗೆ ದಾರ ಹಿಡಿದು ಅಳೆದು ಬಂದಿದ್ದಾರೆ. ಈ ಹಳೆಯ ಕುರ್ಚಿಯ ಅಡ್ಡಕಂಬಿಗಳನ್ನು ಕುಯ್ದು ಕಿರಿದು ಮಾಡಬೇಕು, ಸೀಟನ್ನು ನಾದಿನಿ ಮತ್ತೆ ಹೊಲಿಯಬೇಕು.

ನಿಮಗೇನು ಬೇಕು ಎಂದು ಕೇಳಿದರೆ ಗಾಲಿಯಕ್ಕ ಕಂಬಿಯ ಮೇಲೆ ಸುಣ್ಣದ ಗುರುತು ಹಾಕುತ್ತಾರೆ.

"ನನಗೇನೂ ಬೇಡ. ಮನೆ ಕಟ್ಟೋರಿಗೆ ಒಂದು ಮಾತು ಬರೀರಿ, ಬಚ್ಚಲ ಬಾಗಿಲು ಒಂದು ಗೇಣು ಜಾಸ್ತಿ ಅಗಲ ಇಡಿ ಅಂತ. ಎಲ್ಲರೂ ಕೊನೇ ದಿನದ ತನಕ ನಡ್ಕೊಂಡೇ ಇರ್ತೀವಿ ಅನ್ಕೊಂಡು ಕಟ್ಟಿಸ್ತಾರೆ."