ನಾನು ಬಿಟ್ಟ ಒಂದು ‘ಅಂತೆ’

ಪದವಿಯ ಕೊನೆಯ ವರ್ಷದಲ್ಲಿ ಪತ್ರಿಕೋದ್ಯಮದವರೆಲ್ಲ ಒಂದೊಂದು ಕಿರು ಸಂಶೋಧನೆ ಮಾಡಬೇಕಿತ್ತು. ನಾನೂ ನನ್ನ ಗೆಳತಿಯೂ ಸೇರಿ ಆರಿಸಿಕೊಂಡ ವಿಷಯ ಮಾಹಿತಿ ಸಮರ, ಅಂದರೆ ಸುದ್ದಿಯನ್ನೇ ಆಯುಧ ಮಾಡಿಕೊಳ್ಳುವುದು. ಹೆಸರು ಭಾರವಾಗಿ ಕೇಳಿಸುತ್ತದೆ ಎನ್ನುವುದು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ನಾನು ತುರುವೇಕೆರೆ ಕಡೆಯವಳು, ಅವಳು ಚಿಕ್ಕನಾಯಕನಹಳ್ಳಿ ಕಡೆಯವಳು. ಬೆಳಿಗ್ಗೆ ಇಬ್ಬರೂ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದು ಅಲ್ಲಿಂದ ಒಟ್ಟಿಗೆ ತಿಪಟೂರಿನ ಬಸ್ಸು ಹತ್ತುತ್ತಿದ್ದೆವು. ಒಬ್ಬಳ ಬಸ್ಸು ತಡವಾದರೆ ಇನ್ನೊಬ್ಬಳು ಎಳನೀರು ಗಾಡಿಯ ಪಕ್ಕ ಕಾಯುತ್ತಿದ್ದಳು, ಮೊದಲ ಪೀರಿಯಡ್ ಹೋದರೂ ಸರಿ. ಎರಡೂವರೆ ವರ್ಷ ಹಾಗೇ ನಡೆದಿತ್ತು.

ನಮ್ಮ ಮೊದಲ ಯೋಜನೆಯಲ್ಲಿ ದೇಶಗಳಿದ್ದವು, ಸೈನ್ಯಗಳಿದ್ದವು. ಮೇಷ್ಟ್ರು ಎರಡು ಪುಟ ತಿರುವಿ ಮೇಜಿನ ಮೇಲೆ ಎಸೆದರು.

“ಇದನ್ನ ಇಂಟರ್ನೆಟ್ಟಿಂದ ಇಳಿಸೋಕೆ ನೀವಿಬ್ಬರು ಯಾಕ್ರಮ್ಮ ಬೇಕು? ನಿಮ್ಮ ತಾಲ್ಲೂಕಲ್ಲೇ ಹಬ್ಬಿದ ಒಂದು ಸುಳ್ಳು ಹಿಡ್ಕೊಂಡು ಬನ್ನಿ. ಅದು ಯಾರ ಬಾಯಲ್ಲಿ ಹುಟ್ತು, ಯಾರ್ಯಾರ ಫೋನಲ್ಲಿ ಓಡಾಡ್ತು, ಕೊನೆಗೆ ಯಾರಿಗೆ ಹೊಡೀತು, ಅಷ್ಟು ತೋರಿಸಿ. ಮಾತಾಡಿದವರ ಸಹಿ ಇರೋ ಒಪ್ಪಿಗೆ ಪತ್ರ ಇಲ್ದೆ ನನ್ನ ಹತ್ರ ಬರಬೇಡಿ.”

ವಾಪಸ್ ಬರುವಾಗ ಬಸ್ಸಿನಲ್ಲಿ ಗೆಳತಿ ನಗುತ್ತಾ ಹೇಳಿದಳು. “ನಮ್ಮೂರಲ್ಲಿ ಒಂದಾಗಿತ್ತು ಕಣೇ, ಹೋದ ಬೇಸಿಗೇಲಿ. ಒಬ್ಬಮ್ಮನ ಹಸೂಗೆ ಹುಚ್ಚುನಾಯಿ ಕಚ್ಚೈತೆ ಅಂತ ಸುದ್ದಿ ಎದ್ದು ಡೇರಿಯಲ್ಲಿ ಅವಳ ಹಾಲೇ ತಗಳ್ಳಲಿಲ್ಲ. ಆಮ್ಯಾಕೆ ದನದ ಡಾಕ್ಟ್ರು ಬಂದು ನೋಡುದ್ರೆ ಏನೂ ಇಲ್ಲ!”

ನಾನು ನಗಲಿಲ್ಲ. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಅಲ್ಲೇ ಮೂರು ಕಾಲಂ ಗೀಚಿದೆ: ಮೂಲ, ವಾಹಕ, ಗುರಿ.

ಆ ಭಾನುವಾರ ಅವರ ಊರಿಗೆ ಹೋದೆ. ಕಂದಿಕೆರೆಯಿಂದ ಸ್ವಲ್ಪ ಒಳಗೆ. ಅವರ ಮನೆಯ ಜಗಲಿಯ ಮೇಲೆ ಕೂತು ಗೆಳತಿಯ ಅಕ್ಕನ ಫೋನಿನಲ್ಲಿ ಊರ ಹೆಂಗಸರ ವಾಟ್ಸಾಪ್ ಗುಂಪನ್ನು ಹಿಂದಕ್ಕೆ, ಹಿಂದಕ್ಕೆ ಎಳೆದೆವು. ಹಸುವಿನ ಸುದ್ದಿ ಆ ಗುಂಪಿಗೆ ಮೊದಲು ಬಂದದ್ದು ಒಂದು ದನಿ ಸಂದೇಶವಾಗಿ. ಒತ್ತಿದೆ. ಒಬ್ಬ ಹೆಂಗಸು ಏದುಸಿರಿನಲ್ಲಿ ಹೇಳುತ್ತಿದ್ದಳು: “ಆ ಯಮ್ಮನ ಹಸೂಗೆ ಹುಚ್ಚುನಾಯಿ ಕಚ್ಚೈತಂತೆ ಕಣ್ರೇ. ಹಾಲು ಕುಡ್ದೋರೆಲ್ಲ ಸೂಜಿ ಹಾಕಿಸ್ಕಳಿ.”

ಗೆಳತಿಯ ಮುಖ ನೋಡಿದೆ. “ಅಮ್ಮ,” ಎಂದಳು. ಒಳಗೆ ಅವಳ ಅಮ್ಮ ಕಾಯಿ ತುರಿಯುವ ಸದ್ದು ಕೇಳುತ್ತಿತ್ತು.

“ಇದು ಬ್ಯಾಡ ಕಣೇ. ಬೇರೆ ಯಾವುದಾದ್ರೂ ಮಾಡನ.”

“ಹೆಸರು ಹಾಕಲ್ಲ,” ಅಂದೆ. “ಯಾರಿಗೂ ಕೇಳಿಸಲ್ಲ. ನಿನ್ನಾಣೆ.” ಆಣೆಯಿಡುತ್ತಲೇ ಆ ದನಿಯನ್ನು ನನ್ನ ಫೋನಿಗೆ ಕಳಿಸಿಕೊಂಡೆ. ಮೂಲದ ಕಾಲಂ ಇಷ್ಟು ಬೇಗ ತುಂಬಿದ ಖುಷಿ ನನಗೆ.

ಹಸುವಿನ ಒಡತಿಯನ್ನು ನೋಡಲು ಗೆಳತಿ ಬರಲಿಲ್ಲ. ಆ ಮುಖ ನೋಡಲಾರೆ ಎಂದಳು. ನಾನೊಬ್ಬಳೇ ಹೋದೆ. ಐವತ್ತರ ಸುಮಾರಿನ, ಗಂಡ ಬಿಟ್ಟುಹೋದ ಹೆಂಗಸು. ಮನೆ ಮುಂದೆ ಮಟ್ಟೆಯ ರಾಶಿಯ ಪಕ್ಕ ಕೂತು ಸೋಗೆಯಿಂದ ಪೊರಕೆಕಡ್ಡಿ ಸೀಳುತ್ತಿದ್ದಳು. ಕೈ ನಿಲ್ಲಿಸದೆ ಎಲ್ಲ ಹೇಳಿದಳು. ಡೇರಿಯ ಸಾಲಿನಲ್ಲಿ ಅವಳ ಕ್ಯಾನು ಬಂದ ಕೂಡಲೇ ಎಲ್ಲರೂ ಹಿಂದೆ ಸರಿದದ್ದು. ಮೂರು ವಾರ ಹಾಲನ್ನು ತೆಂಗಿನ ಬುಡಕ್ಕೆ ಸುರಿದದ್ದು. ಡಾಕ್ಟರು ಬರೆದುಕೊಟ್ಟ ಚೀಟಿ ತೋರಿಸಿದರೂ ಯಾರೂ ನಂಬದಿದ್ದದ್ದು. ಕೊನೆಗೆ ದಲ್ಲಾಳಿ ಬಂದು ಹಸುವನ್ನು ಹೊಡೆದುಕೊಂಡು ಹೋದದ್ದು. ಅದು ಎಲ್ಲಿಗೆ ಹೋಯಿತು ಅಂತ ನಾನು ಕೇಳಿದೆ. ನನ್ನ ಪ್ರಶ್ನಾವಳಿಯಲ್ಲಿತ್ತು.

“ಎಲ್ಲಿಗೆ ಹೋಯ್ತದೆ? ನೀನು ಓದ್ದೋಳಲ್ವಾ?” ಎಂದಳು.

ಒಪ್ಪಿಗೆ ಪತ್ರ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

“ಅದನ್ನ ಮಾತಾಡಿರೋಳು ಯಾರು ಅಂತ ನಿಂಗೊತ್ತು. ಆ ಮನೇಲೇ ತಾನೇ ಇಳ್ಕಂಡಿರೋದು? ಕೇಳ್ಸು. ನನ್ನ ಫೋನಿಗೂ ಹಾಕು. ಆಮ್ಯಾಕೆ ಸಯ್ನ್ ಮಾಡ್ತೀನಿ.”

ಯೋಚಿಸಲು ಸಮಯ ಬೇಕು ಎಂದು ಹೇಳಬಹುದಿತ್ತು. ಎದ್ದು ಬರಬಹುದಿತ್ತು. ಸೋಮವಾರ ಯೋಜನೆ ಒಪ್ಪಿಸುವ ದಿನ. ದನಿಯನ್ನು ಅವಳ ಫೋನಿಗೆ ಕಳಿಸಿದೆ. ಅವಳು ಎರಡು ಸಲ ಕೇಳಿಸಿಕೊಂಡು, ಫೋನನ್ನು ಎಲೆಯಡಿಕೆ ಚೀಲದೊಳಗೆ ಇಟ್ಟು, ಅಕ್ಷರ ಅಕ್ಷರವಾಗಿ ಸಹಿ ಮಾಡಿದಳು.

ಮರುದಿನ ಬೆಳಿಗ್ಗೆ ಡೇರಿಯಲ್ಲಿ ಏನಾಯಿತು ಎಂದು ಗೆಳತಿ ಫೋನಿನಲ್ಲಿ ಹೇಳಿದಳು. ಅವಳ ಅಮ್ಮ ಕ್ಯಾನು ಹಿಡಿದು ಸಾಲಿಗೆ ಬಂದೊಡನೆ ಆ ಹೆಂಗಸು ದನಿಯನ್ನು ಜೋರಾಗಿ ಹಾಕಿದ್ದಳು. ಮುಗಿದ ಮೇಲೆ ಮತ್ತೊಮ್ಮೆ. ಸಾಲಿನಲ್ಲಿದ್ದವರಲ್ಲಿ ಆ ಸುದ್ದಿಯನ್ನು ಮುಂದಕ್ಕೆ ತಳ್ಳದವರು ಒಬ್ಬರೂ ಇರಲಿಲ್ಲ. ಅವರೇ ಈಗ “ನೋಡ್ರೇ, ಇವಳೇ ಅಂತೆ ಹುಟ್ಸಿದ್ದು,” ಎಂದು ನಕ್ಕರು. ಸಂಜೆಯೂ ಹಾಗೇ ಆಯಿತು, ಮಾರನೆಯ ದಿನವೂ. ನಾಲ್ಕನೆಯ ದಿನದಿಂದ ಅಮ್ಮ ಪಕ್ಕದೂರಿನ ಡೇರಿಗೆ ಹಾಲು ಹೊತ್ತುಕೊಂಡು ಹೋಗತೊಡಗಿದರು.

“ನೀನು ಆಣೆ ಇಟ್ಟಿದ್ದೆ,” ಎಂದಳು ಗೆಳತಿ.

“ಅವಳು ಕೇಳಿದಳು, ಕೊಟ್ಟೆ. ಸಹಿ ಬೇಕಿತ್ತು.” ಆಗ ನನಗೆ ಅದು ಉತ್ತರದಂತೆಯೇ ತೋರಿತ್ತು.

ಗೆಳತಿ ಕ್ರಾಸಿನಲ್ಲಿ ನನಗಾಗಿ ಕಾಯುವುದು ಅಲ್ಲಿಗೆ ನಿಂತಿತು. ಯೋಜನೆ ನೋಡಿದ ಮೇಷ್ಟ್ರು ಸುದ್ದಿಯ ಮೂಲದವರ ಸಹಿಯೂ ಬೇಕು ಎಂದರು. ನನಗೆ ನಾಚಿಕೆಯಾಗಲಿಲ್ಲ. ಇನ್ನೊಂದು ಪತ್ರ ಹಿಡಿದು ಅದೇ ಮನೆಗೆ ಮತ್ತೆ ಹೋದೆ.

ಗೆಳತಿಯ ಅಮ್ಮ ಬಾಗಿಲು ಹಾಕಲಿಲ್ಲ. ಕಾಫಿ ತಂದಿಟ್ಟರು. ನಾನು ಲೋಟ ಮುಟ್ಟಲು ತಡಮಾಡಿದ್ದನ್ನು ನೋಡಿ, “ಕುಡಿಯಮ್ಮ. ನಮ್ಮ ಹಸೂಗೆ ಇನ್ನೂ ಏನೂ ಕಚ್ಚಿಲ್ಲ,” ಎಂದರು.

ಆಮೇಲೆ ತಾವಾಗಿಯೇ ಹೇಳಿದರು. ಆಗ ಅವರ ಹಸು ಹಾಲು ಬತ್ತಿಸಿಕೊಂಡಿತ್ತು. ದೊಡ್ಡ ಮಗಳ ಕೂಸಿಗೆ ಆ ಹೆಂಗಸಿನ ಮನೆಯಿಂದಲೇ ಹಾಲು ತರುತ್ತಿದ್ದರು. ಒಂದು ಬೆಳಿಗ್ಗೆ ಡೇರಿಯ ಹತ್ತಿರ ಯಾರೋ ನಾಯಿ ಕಚ್ಚಿದ ಮಾತಾಡಿದ್ದು ಕಿವಿಗೆ ಬಿತ್ತು. “ಕೂಸು ಕುಡ್ದುಬುಟ್ಟಿತ್ತಲ್ಲ, ಕೈಕಾಲೇ ಬಿದ್ದೋದ್ವು. ಬಸ್ ಸ್ಟಾಪಿಗೆ ಓಡ್ತಾ ಓಡ್ತಾ ಮಾತಾಡಿ ಕಳ್ಸಿದ್ದು ಅದು. ಇನ್ಯಾರ ಮಕ್ಳು ಕುಡ್ದವೋ ಅಂತ.” ಎದ್ದು ಹೋಗಿ ದೇವರ ಗೂಡಿನಿಂದ ಆಸ್ಪತ್ರೆಯ ಎರಡು ಚೀಟಿ ತಂದರು. ಒಂದು ಅವರದು, ಒಂದು ಕೂಸಿನದು. ಪ್ರತಿ ಸೂಜಿಯ ಎದುರಿಗೂ ಮೊಹರಿತ್ತು.

ಚೀಟಿಗಳನ್ನು ನೋಡಿದೆ. ಫೋಟೋ ತೆಗೆಯಲಿಲ್ಲ. ‘ಯಾರೋ’ ಎಂದು ಬರೆದರೆ ಮೂಲದ ಕಾಲಂ ಮತ್ತೆ ಖಾಲಿಯಾಗುತ್ತಿತ್ತು. ಸಹಿ ಕೇಳಿದೆ. ಮಾಡಿಕೊಟ್ಟರು, ಓದದೆಯೇ.

ಗೆಳತಿ ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದಳು. ನನ್ನ ಕಡತ ಎಳೆದುಕೊಂಡು ದನಿ ಸಂದೇಶವನ್ನು ಅಕ್ಷರಕ್ಕಿಳಿಸಿದ್ದ ಪುಟ ತೆರೆದಳು. “ಅಮ್ಮ ‘ಕಚ್ಚೈತಂತೆ’ ಅಂದವ್ಳೆ. ನೀನು ‘ಕಚ್ಚಿದೆ’ ಅಂತ ಬರ್ದಿದೀಯ. ಆ ‘ಅಂತೆ’ ಎಲ್ಲೋಯ್ತು?”

“ಗ್ರಂಥಸ್ಥ ಕನ್ನಡಕ್ಕೆ ತಂದಿದ್ದೀನಿ.”

“‘ಕಚ್ಚಿದೆಯಂತೆ’ ಅನ್ನೋದು ಗ್ರಂಥಸ್ಥ ಅಲ್ವಾ?”

ನಾನು ಕಡತ ಮುಚ್ಚಿದೆ. ಬೇಕೆಂದೇ ಬಿಟ್ಟಿದ್ದೆ. ಅದಿದ್ದರೆ ಗೆಳತಿಯ ಅಮ್ಮ ಸುದ್ದಿ ಕೇಳಿದವರಾಗುತ್ತಿದ್ದರು, ಹುಟ್ಟಿಸಿದವರಲ್ಲ.

ತರಗತಿಯಲ್ಲಿ ಯೋಜನೆ ಮಂಡಿಸುವ ದಿನ ನಾನೊಬ್ಬಳೇ ಎದ್ದು ನಿಂತೆ. ಗೆಳತಿ ತಂಡದಿಂದ ಹೆಸರು ತೆಗೆಸಿ, ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಬೋರ್ಡಿನ ಮೇಲೆ ಬಾಣಗಳನ್ನು ಬಿಡಿಸಿದೆ. ಎಲ್ಲ ಬಾಣಗಳೂ ಒಂದೇ ಸುತ್ತಿನಿಂದ ಹೊರಟವು. ಅದರೊಳಗೆ ‘ಅ’ ಎಂದು ಬರೆದಿದ್ದೆ.

“ಈ ‘ಅ’ಗೆ ಸುದ್ದಿ ಎಲ್ಲಿಂದ ಬಂತು?” ಎಂದು ಮೇಷ್ಟ್ರು ಕೇಳಿದರು.

“ಎಲ್ಲಿಂದಲೂ ಇಲ್ಲ ಸಾರ್. ಅವರೇ ಮೂಲ.”

“ದುರುದ್ದೇಶ?”

“ಹೌದು ಸಾರ್.”

ಗೆಳತಿ ಮಾತಾಡಬಹುದಿತ್ತು. ಮಾತಾಡಿದರೆ ‘ಅ’ ಯಾರೆಂದು ಇಡೀ ತರಗತಿಗೆ ತಿಳಿಯುತ್ತಿತ್ತು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದೆ. ಅವಳು ಡೆಸ್ಕಿನ ಮೇಲೆ ಕಣ್ಣಿಟ್ಟು ಕೂತಳು. ಮೇಷ್ಟ್ರು ಚಪ್ಪಾಳೆ ಹೊಡೆಸಿದರು. ಮುಂದಿನ ಬ್ಯಾಚಿಗೆ ಮಾದರಿಯಾಗಿರಲಿ ಎಂದು ನನ್ನ ಯೋಜನೆಯನ್ನು ವಿಭಾಗದ ಬೀರುವಿನಲ್ಲಿ ಇಟ್ಟರು. ಈಗಲೂ ಅಲ್ಲೇ ಇದೆ ಎಂದು ಕೇಳಿದ್ದೇನೆ.

ಪರೀಕ್ಷೆ ಮುಗಿದ ಮೇಲೆ ಒಂದು ದಿನ, ಯಾರೂ ಕರೆಯದೆ, ಹಸುವಿನ ಒಡತಿಯ ಮನೆಗೆ ಹೋದೆ. ನಡೆದದ್ದನ್ನು ಹೇಳಿಬಿಡಬೇಕು ಎನಿಸಿತ್ತು. ಗೆಳತಿಯ ಅಮ್ಮ ಸುಳ್ಳು ಹುಟ್ಟಿಸಲಿಲ್ಲ, ಹೆದರಿದ್ದರು, ತಾವೂ ಸೂಜಿ ಹಾಕಿಸಿಕೊಂಡಿದ್ದರು ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ.

“ಗೊತ್ತು ಕಣವ್ವ,” ಎಂದಳು ಅವಳು. “ಕೂಸನ್ನ ಎತ್ಕಂಡು ಅಳ್ತಾ ಬಸ್ ಹತ್ತಿದ್ದನ್ನ ನಾನೇ ನೋಡಿವ್ನಿ.”

“ಹಾಗಾದ್ರೆ ಡೇರಿಯಲ್ಲಿ ಯಾಕೆ…”

“ಊರೆಲ್ಲ ಸೇರಿ ಮಾಡಿದ್ದಕ್ಕೆ ಊರನ್ನೇ ಹೊಡೆಯಕ್ಕಾಯ್ತದಾ? ಯಾರಾದ್ರೂ ಒಬ್ರು ಸಿಗಬೇಕಿತ್ತು. ನೀನು ತಂದ್ಕೊಟ್ಟೆ.” ನನ್ನ ನೆರಳು ಕೆಲಸದ ಮೇಲೆ ಬೀಳುತ್ತಿತ್ತೆಂದು ಕಾಣುತ್ತದೆ, ಪಕ್ಕಕ್ಕೆ ಸರಿ ಎಂದು ಕೈಯಲ್ಲೇ ಸನ್ನೆ ಮಾಡಿದಳು.

ಕಂದಿಕೆರೆಗೆ ನಡೆದು ಬರುವಾಗ ಗೆಳತಿಯ ಮನೆ ದಾರಿಯಲ್ಲೇ ಸಿಕ್ಕಿತು. ಜಗಲಿಯ ಮೇಲೆ ಕೂಸು ಒಂದು ತಟ್ಟೆ ಬಡಿಯುತ್ತಾ ಕೂತಿತ್ತು. ಒಳಗಿನಿಂದ ಯಾರೋ ಬಂದು ಅದನ್ನು ಎತ್ತಿಕೊಂಡು ಬಾಗಿಲು ಮುಂದಕ್ಕೆ ಎಳೆದರು. ನಾನು ನಿಲ್ಲಲಿಲ್ಲ.