ಖಾಲಿ ಖೋಲಿ ಮತ್ತು ಗುಲಾಬಿ ಟಬ್ಬು

ಕಲ್ಯಾಣದ ಸೇಠಾಣಿಯವರ ಮನೆಗೆ ಗುಲಾಬಿ ಬಣ್ಣದ ಬಾತ್‌ಟಬ್ ಬಂದ ವರ್ಷ, ಡೊಂಬಿವ್ಲಿಯ ನಮ್ಮ ಬಿಲ್ಡಿಂಗಿನಲ್ಲಿ ನೀರು ಬೆಳಗಿನ ಜಾವ ಬಂದು, ನಾವು ಕಣ್ಣುಜ್ಜಿ ಬಕೆಟ್ ಹುಡುಕುವಷ್ಟರಲ್ಲಿ ಹೋಗುತ್ತಿತ್ತು. ಒಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ, ಅದೇ ನೀರಿನಲ್ಲಿ ಬಟ್ಟೆ ನೆನೆಸಿ, ಕೊನೆಗೆ ಅದನ್ನೇ ತುಳಸಿಗೆ ಹಾಕಬಹುದೇ ಎಂದು ಯೋಚಿಸುತ್ತಿದ್ದ ದಿನಗಳು. ಅಂಥದ್ದರಲ್ಲಿ ಮನುಷ್ಯರು ಮಲಗಿಕೊಂಡು ಮೀಯುವಂಥ ತೊಟ್ಟಿಯೊಂದು ಲಾರಿಯಲ್ಲಿ ಬಂದಿಳಿಯಿತು ಎಂಬ ಸುದ್ದಿ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಕಿವಿಗೆ ಬಿತ್ತು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಸೆ. ಮಂಗಳೂರಿನ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಾದಂಬರಿ ಓದಿ ಬೆಳೆದವಳು ನಾನು. ನೊರೆಯೊಳಗೆ ಕುತ್ತಿಗೆವರೆಗೆ ಮುಳುಗಿ, ಒಂದು ಕಾಲಿನ ಹೆಬ್ಬೆರಳು ಮಾತ್ರ ಹೊರಗೆ ಬಿಟ್ಟುಕೊಂಡು ಮಲಗುವುದು ನನ್ನ ಬಹಳ ದಿನದ ಪ್ರೈವೇಟ್ ಡ್ರೀಮ್ ಆಗಿತ್ತು.

ಆದರೆ ನಾವು ಸೇಠಾಣಿಯವರ ಮನೆಗೆ ಹೋದದ್ದು ಟಬ್ ನೋಡಲಿಕ್ಕಲ್ಲ. ನಮ್ಮ ಮಹಿಳಾ ಮಂಡಳಿ ಕಲ್ಯಾಣದ ಒಂದು ದೇವಸ್ಥಾನದ ಮಂಟಪದಲ್ಲಿ ಕನ್ನಡ ಶಿಶುವಿಹಾರ ನಡೆಸುತ್ತಿತ್ತು. ಗುಲ್ಬರ್ಗ, ರಾಯಚೂರು ಕಡೆಯಿಂದ ಬಂದ ಹಮಾಲರ ಮಕ್ಕಳು, ನಮ್ಮಂಥ ಗುಮಾಸ್ತರ ಮಕ್ಕಳು ಒಂದೇ ಜಮಖಾನದ ಮೇಲೆ ಕೂತು ಅ ಆ ಇ ಈ ತಿದ್ದುತ್ತಿದ್ದರು. ಟೀಚರ್ ನಾನೇ. ಮದುವೆಯಾಗಿ ಬಂದ ಮೇಲೆ ನನ್ನದೆಂದು ಹೇಳಿಕೊಳ್ಳಲು ನನಗಿದ್ದದ್ದು ಅದೊಂದೇ ಕೆಲಸ. ಈಗ ದೇವಸ್ಥಾನದವರು ಮಂಟಪ ಒಡೆದು ಹೊಸದು ಕಟ್ಟುತ್ತಿದ್ದರು. ದೀಪಾವಳಿ ರಜೆ ಮುಗಿಯುವಷ್ಟರಲ್ಲಿ ಬೇರೆ ಜಾಗ ಸಿಗದಿದ್ದರೆ ಶಿಶುವಿಹಾರ ಮುಚ್ಚಿದಂತೆಯೇ. ಮಕ್ಕಳು ಬೀದಿಯಲ್ಲಿ ಮರಾಠಿ, ಹಿಂದಿ ಹೇಗೂ ಕಲಿಯುತ್ತಿದ್ದರು. ಊರಿನಿಂದ ಬರುವ ಅಜ್ಜಿಯ ಕಾಗದವನ್ನು ಓದುವವರು ಯಾರು ಎಂಬುದು ನನ್ನ ಚಿಂತೆ.

ಮಂಡಳಿಯ ಅಧ್ಯಕ್ಷೆ ಬಿಜಾಪುರದ ಕಾಕು. ಅವರೇ ನನ್ನನ್ನು ಕರೆದುಕೊಂಡು ಹೊರಟರು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಒಂದು ಭಾಷಣ ತಯಾರಿಸುತ್ತಿದ್ದೆ. ಶ್ರೀಮಂತರ ಕರ್ತವ್ಯ ಎಂಬ ವಿಷಯದ ಮೇಲೆ ಶಾಲೆಯ ಎಲೊಕ್ಯೂಷನ್ ಸ್ಪರ್ಧೆಯಲ್ಲಿ ನನಗೆ ಪ್ರೈಜ್ ಬಂದಿತ್ತು. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಕಾಲದಲ್ಲಿ ನಾವು ಟಾಫಿ ಬಿಟ್ಟು ಆ ಪೈಸೆಯನ್ನು ಸಿಸ್ಟರ್‌ಗಳ ಡಬ್ಬಿಗೆ ಹಾಕುತ್ತಿದ್ದುದರಿಂದ ಶುರುಮಾಡಿ, ಟಬ್‌ನಂಥ ಲಕ್ಷುರಿ ಕೊಳ್ಳುವವರು ಸಮಾಜಕ್ಕೂ ಒಂದಿಷ್ಟು ಕೊಡಬೇಕು ಎಂಬಲ್ಲಿಗೆ ಮುಗಿಸುವ ಪ್ಲಾನು.

ಸ್ವಲ್ಪ ಬಾಯಿಬಿಟ್ಟು ಹೇಳಿ ನೋಡಿದೆ. ಕಾಕು ಕೇಳಿಸಿಕೊಂಡು ಅಂದರು, "ತಂಗಿ, ನೀ ಸುಮ್ಮ ಕೂಡು. ಶ್ರೀಮಂತ್ರಿಗೆ ಬುದ್ಧಿ ಹೇಳಿದ್ರ ಚಹಾನೂ ಸಿಗಂಗಿಲ್ಲ."

ಸೇಠಾಣಿಯವರ ಗಂಡನದು ಮಾರುಕಟ್ಟೆಯಲ್ಲಿ ದೊಡ್ಡ ಬಟ್ಟೆ ವ್ಯಾಪಾರ. ಮನೆ ಮೇಲೆ, ಕೆಳಗೆ ಗೋದಾಮು. ಮೂಲ ಬಿಜಾಪುರದ ಕಡೆಯವರಾದರೂ ಸೇಠಾಣಿ ಹುಟ್ಟಿ ಬೆಳೆದದ್ದು ಠಾಣೆಯಲ್ಲಿ. ಅವರ ಕನ್ನಡ ಮರಾಠಿಯ ಸೀರೆಯನ್ನೇ ಉಟ್ಟುಕೊಂಡು ಬರುತ್ತಿತ್ತು. ಚಹಾ ಬಂತು, ಚಿವಡಾ ಬಂತು, ಜೊತೆಗೆ ಟಬ್‌ನ ಪುರಾಣವೂ ಬಂತು. ಗುಜರಿಗೆಂದು ಒಡೆಯಲು ಬಂದ ಯಾವುದೋ ವಿದೇಶಿ ಹಡಗಿನದಂತೆ. ಕ್ಯಾಪ್ಟನ್ ಮೀಯುತ್ತಿದ್ದುದಂತೆ.

"ಅಗೋ ಬಾಯಿ, ಅಗದೀ ಗುಲಾಬಿ ಬಣ್ಣ! ಸಾಬೂನಿಗೂ ಜಾಗಾ ಬ್ಯಾರೇ ಮಾಡ್ಯಾರ."

"ಚಲೋ ಆತ್ರಿ ವೈನಿ," ಎಂದರು ಕಾಕು. "ನಮ್ಮ ಹುಡುಗ್ರಿಗೂ ಕೂಡ್ಲಿಕ್ಕೆ ಒಂದು ಖೋಲಿ ಬೇಕಾಗೇದ್ರಿ. ಮಂಟಪ ಒಡೀಲಿಕ್ಕೆ ಹತ್ಯಾರ. ನಿಮ್ಮದರಾಗ ಯಾವುದರೆ ಒಂದು..."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸೇಠಾಣಿ ಎದ್ದು ರಿಸೀವರ್ ಹಿಡಿದು, ಅದರ ಬಾಯಿಗೆ ಕೈ ಮುಚ್ಚಿ, ನಮ್ಮ ಕಡೆ ತಿರುಗಿ ಅಂದರು, "ಖೋಲಿ ಖಾಲೀ ಅದ ನೋಡ್ರಿ. ನೋಡ್ಕೊಂಡು ಹೋಗ್ರಿ. ಕೀಲಿ ಗುಮಾಸ್ತನ ಕಡೆ ಅದ."

ಕಾಕು ದಡಕ್ಕನೆ ಎದ್ದು ಎರಡೂ ಕೈ ಜೋಡಿಸಿದರು. "ದೇವರು ನಿಮಗ ಚಲೋದು ಮಾಡ್ಲಿರಿ!" ಸೇಠಾಣಿ ಫೋನಿನೊಳಗೇ ತಲೆಯಾಡಿಸಿದರು. ಕೀಲಿಗೆಂದು ಕೆಳಗೆ ಬಂದರೆ ಗೋದಾಮಿನ ಪಕ್ಕದಲ್ಲಿದ್ದ ಒಂದೇ ಕೋಣೆಗೆ ಬೀಗ, ಗುಮಾಸ್ತ ಊಟಕ್ಕೆ ಹೋಗಿದ್ದ. ಕಾಕು ಬಾಗಿಲನ್ನು ಹೊರಗಿನಿಂದಲೇ ತಟ್ಟಿ ನೋಡಿ, "ಭಾಳ ದೊಡ್ಡದು ಅದ," ಎಂದರು. ನನ್ನ ಭಾಷಣ ಗಂಟಲಲ್ಲೇ ಉಳಿಯಿತು. ಇಷ್ಟು ಸುಲಭವಾಗಿ ದಾನ ಸಿಗುವುದಾದರೆ ಸಿಸ್ಟರ್‌ಗಳು ನಮ್ಮ ಬಾಲ್ಯದ ಟಾಫಿಗಳನ್ನೆಲ್ಲ ಯಾಕೆ ಬಿಡಿಸಿದರೋ ಎಂದು ಸ್ವಲ್ಪ ಬೇಸರವೂ ಆಯಿತು.

ರಾಜ್ಯೋತ್ಸವದ ಸಭೆಯಲ್ಲಿ ಕಾಕು ಮೈಕು ಹಿಡಿದು ಸೇಠ ದಂಪತಿಯ ಖೋಲಿ ದಾನವನ್ನು ಘೋಷಿಸಿಬಿಟ್ಟರು. ಶಿಳ್ಳೆ, ಚಪ್ಪಾಳೆ. ಸೇಠರಿಗೆ ಮಂಡಿಯವರೆಗೆ ಬರುವ ಹಾರ ಬಿತ್ತು. ಅವರು ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ ಮುಂದಿನ ಸಾಲಿನಲ್ಲಿದ್ದ ಹೆಂಡತಿಯ ಮುಖ ನೋಡಿದರು. ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಗೊತ್ತಾಯಿತು: ಇದು ಹೆಂಡತಿಯ ಕೆಲಸವೇ ಇರಬೇಕು ಎಂದು ಸೇಠರು, ಯಾವುದೋ ಗೋದಾಮಿನ ಮೂಲೆ ಗಂಡನೇ ಕೊಟ್ಟಿರಬೇಕು ಎಂದು ಸೇಠಾಣಿ ಅಂದುಕೊಂಡಿದ್ದರು. ಇಬ್ಬರಿಗೂ ಆ ಸಂಜೆ ಒಬ್ಬರ ಮೇಲೊಬ್ಬರಿಗೆ ಅಪಾರ ಗೌರವ. ಸೇಠರು ಹಾರ ತೆಗೆಯದೆಯೇ ಮನೆಗೆ ಹೋದರೆಂದು ಕೇಳಿದ್ದೇನೆ.

ರಜೆ ಮುಗಿದ ಸೋಮವಾರ ನಾವು ಮೆರವಣಿಗೆಯಂತೆ ಹೊರಟೆವು. ಮುಂದೆ ಸರಸ್ವತಿಯ ಪಟ ಹಿಡಿದ ನಾನು, ತೆಂಗಿನಕಾಯಿ ಹಿಡಿದ ಕಾಕು, ಹಿಂದೆ ಪಾಟಿ, ಬಳಪ ಹಿಡಿದ ಮಕ್ಕಳ ಸಾಲು. ಗುಮಾಸ್ತ ಬೀಗ ತೆಗೆದ. ಕೋಣೆಯ ನಟ್ಟನಡುವೆ ಟಬ್ ಕೂತಿತ್ತು. ಗುಲಾಬಿಯೆಂದರೆ ಗುಲಾಬಿ, ಜ್ವರ ಬಂದ ಮಗುವಿನ ನಾಲಗೆಯ ಹಾಗೆ. ಪಕ್ಕದಲ್ಲಿ ಪ್ಲಂಬರ್ ಒಬ್ಬ ಗೋಡೆಗೆ ಟೇಪು ಹಿಡಿದು, ನನ್ನನ್ನೇ ಮನೆಯೊಡತಿ ಎಂದುಕೊಂಡು, "ಮೇಡಮ್, ನಲ್ ಇಧರ್ ಬಿಠಾನಾ ಕಿ ಉಧರ್?" ಎಂದು ನಲ್ಲಿ ಕೂರಿಸುವ ಜಾಗ ಕೇಳಿದ.

ನಾನು ಉತ್ತರಿಸುವ ಮೊದಲೇ ಮಕ್ಕಳು ಟಬ್ ಏರಿದ್ದರು. ಟಬ್ಬೇ ಲೋಕಲ್ ಟ್ರೇನು, ಒಬ್ಬನು ಮೋಟರ್‌ಮನ್, ಉಳಿದವರು ಪ್ಯಾಸೆಂಜರ್. "ಪುಢೇ ಚಲಾ, ಪುಢೇ ಚಲಾ!" ಎಂದು ಮುಂದಿನವರನ್ನು ಮುಂದಕ್ಕೆ ತಳ್ಳಾಟ. ಒಬ್ಬಳು ಅಂಚಿಗೆ ಜೋತುಬಿದ್ದು, "ಠಾಣಾ ಆಲಾ!" ಎಂದು ಸ್ಟೇಷನ್ ಬಂದದ್ದನ್ನು ಕೂಗಿ ಹೇಳಿದಳು. ಕನ್ನಡ ಶಿಶುವಿಹಾರದ ಶುಭಾರಂಭ ಹೀಗೆ ಅಪ್ಪಟ ಮರಾಠಿಯಲ್ಲಿ ಆಯಿತು.

ಗದ್ದಲ ಕೇಳಿ ಸೇಠಾಣಿ ಮೆಟ್ಟಿಲು ಇಳಿದು ಬಂದರು. "ಏ, ಇಳೀರಿ! ಚಪ್ಪಲ್ ಹಾಕ್ಕೊಂಡು! ಯಾರಿವರು?"

"ನೀವು ಕೊಟ್ಟ ಖೋಲಿರಿ ವೈನಿ," ಎಂದರು ಕಾಕು. "ಖಾಲಿ ಅದ ಅಂದಿದ್ರಲ್ಲ?"

"ಖಾಲೀನೇ ಅದ ಅಲ್ಲ ಮತ್ತ! ನಾ ಮ್ಯಾಲಿದ್ದೆ, ಟಬ್ ಇಟ್ಟಿದ್ದ ಖೋಲಿ ಖಾಲೀ ಅದ, ನೋಡ್ಕೊಂಡು ಹೋಗ್ರಿ ಅಂದೆ!"

ಕಾಕು ಹಣೆ ಬಡಿದುಕೊಂಡರು. ನನಗೂ ಆಗ ಹೊಳೆಯಿತು. ಮರಾಠಿಯಲ್ಲಿ 'ಖಾಲೀ' ಎಂದರೆ ಕೆಳಗೆ. ಸೇಠಾಣಿ ಟಬ್ ನೋಡಲು ಕೆಳಗೆ ಕಳಿಸಿದ್ದರು. ನಾವು ಕನ್ನಡದ ಕಿವಿಯಲ್ಲಿ ಕೇಳಿಸಿಕೊಂಡು ಇಡೀ ಕೋಣೆಯನ್ನೇ ದಾನ ಪಡೆದಿದ್ದೆವು. ಮೆಟ್ಟಿಲಿನ ತಿರುವಿನಲ್ಲಿ ಟಬ್ ಹಿಡಿಸದೆ ಮೇಲೆ ಹೋಗಲಿಲ್ಲವಾದ್ದರಿಂದ ಈ ಕೋಣೆಯನ್ನೇ ಬಾತ್‌ರೂಮ್ ಮಾಡಿಸುತ್ತಿದ್ದರು.

"ಸಭಾದಾಗ ಸೇಠರಿಗೆ ಹಾರಾ ಹಾಕೇವ್ರಿ," ಎಂದರು ಕಾಕು, ಸಣ್ಣ ದನಿಯಲ್ಲಿ.

"ಹಾರಾ ವಾಪಸ್ ಕೊಡ್ತೀನಿ!"

ನಾನು ಮಕ್ಕಳ ಕಡೆ ನೋಡಿದೆ. ಅವರ ಪಾಲಿಗೆ ಜಾಗ ಸಿಕ್ಕಾಗಿತ್ತು. ಇವರನ್ನು ಇಳಿಸಿ, ಎಲ್ಲಿಗೆ ಕರೆದೊಯ್ಯುವುದು? ಎಲೊಕ್ಯೂಷನ್ನಿನ ಭಾಷಣ ನಾಲಗೆಯ ತುದಿಗೆ ಬಂತು. "ಮೇಡಮ್, ವೆಲ್ತ್ ಈಸ್ ಎ ರೆಸ್ಪಾನ್ಸಿಬಿಲಿಟಿ..." ಎಂದು ಶುರುಮಾಡಿಯೂ ಬಿಟ್ಟೆ. ಕಾಕು ನನ್ನ ಕಾಲು ತುಳಿದರು.

ಆಮೇಲೆ ಅವರು ಟಬ್‌ನ ಸುತ್ತ ಒಂದು ಸುತ್ತು ಬಂದು, ಕಿಟಕಿಯಾಚೆ ಇಣುಕಿ, ಬಹಳ ಮುಗ್ಧವಾಗಿ ಕೇಳಿದರು: "ಖರೇನ, ಚಲೋ ಜಳಕದ ಖೋಲಿ ಆಗ್ತದ್ರಿ. ಆದ್ರ ವೈನಿ, ದಿನಾ ಮುಂಜಾನೆ ನೀವು ಟಾವೆಲ್ ಹಿಡಕೊಂಡು ಗುಮಾಸ್ತರ ಮುಂದಿಂದ ಇಳಿದು ಬರ್ತೀರೇನು? ಎದುರಿಗೇ ಹಮಾಲರ ಸಾಲು ಕೂತಿರ್ತದ. ಹೋಗೂವಾಗ ಹಸಿ ಕೂದಲಾ..."

ಸೇಠಾಣಿ ಕಿಟಕಿ ನೋಡಿದರು. ಹೊರಗೆ ಬೀಡಿ ಸೇದುತ್ತಿದ್ದ ಇಬ್ಬರು ಹಮಾಲರು ಅವರಿಗೆ ಆದರದಿಂದ ನಮಸ್ಕಾರ ಮಾಡಿದರು. ಅವರು ಸೆರಗು ಹೊದ್ದುಕೊಂಡರು. ಇಷ್ಟು ದಿನ ಟಬ್‌ನ ಬಣ್ಣ, ಸಾಬೂನಿನ ಜಾಗ ಎಲ್ಲ ಯೋಚಿಸಿದ್ದರೂ, ಅದರೊಳಗೆ ತಾವು ಕೂತಿರುವುದನ್ನು ಯೋಚಿಸಿರಲಿಲ್ಲವೆಂದು ಕಾಣುತ್ತದೆ. ಪ್ಲಂಬರ್ ಮತ್ತೆ ಕೇಳಿದ, "ತೋ ನಲ್ ಕಿಧರ್?"

"ನಕೋ, ಬ್ಯಾಡ," ಎಂದರು ಸೇಠಾಣಿ. "ಇದು ಹುಡುಗ್ರ ಶಾಳಾ ಖೋಲಿ. ನಾವು ದಾನಾ ಕೊಟ್ಟೇವಿ." ನಂತರ ಕಾಕು ಕಡೆ ತಿರುಗಿ, "ಆದ್ರ ಟಬ್ ಇಲ್ಲೇ ಇರ್ತದ. ಒಂದು ಚರಾ ಬಿದ್ರೂ ನಿಮ್ಮ ಶಾಳಾ ಬಂದ್."

ಹೀಗೆ ಟಬ್‌ನ ಸುತ್ತ ಜಮಖಾನ ಹಾಸಿ ನಾವು ಪಾಠ ನಡೆಸಿದೆವು. ಮಕ್ಕಳಿಗೆ ಚಪ್ಪಲಿ ಬಿಟ್ಟು ಸರದಿಯ ಮೇಲೆ ಅದರಲ್ಲಿ ಕೂರುವ ಅನುಮತಿಯಿತ್ತು. ಸೇಠಾಣಿ ಗೀರು ಬಿದ್ದಿದೆಯೇ ಎಂದು ನೋಡಲು ದಿನವೂ ಇಳಿದು ಬರುತ್ತಿದ್ದರು. ಇದನ್ನು ಚಾರಿಟಿ ಎನ್ನಬೇಕೋ, ಮರ್ಯಾದೆಯ ಪ್ರಶ್ನೆ ಎನ್ನಬೇಕೋ ನನಗೆ ಇಂದಿಗೂ ತಿಳಿಯದು. ಜಾಗ ಸಿಕ್ಕವಳು ಹೆಚ್ಚು ಕೆದಕಬಾರದು.

ಚಳಿ ಶುರುವಾದಾಗ ಒಂದು ಬೆಳಿಗ್ಗೆ ಗುಮಾಸ್ತ ಟಬ್‌ನ ಅಳತೆಗೆ ಸರಿಯಾಗಿ ಹೊಲಿಸಿದ ಕೆಂಪು ಮಖಮಲ್ಲಿನ ಗಾದಿ ಹೊತ್ತು ತಂದ. ನಾವ್ಯಾರೂ ಕೇಳಿರಲಿಲ್ಲ. "ಪೋರಗೋಳಿಗೆ ಥಂಡಿ ಹತ್ತತದಂತ ಬಾಯಿಸಾಹೇಬರು ಕಳಿಸ್ಯಾರ," ಎಂದ. ಅಂಥ ಬಟ್ಟೆ ನನ್ನ ಮದುವೆಯ ಹಾಸಿಗೆಗೂ ಇರಲಿಲ್ಲ. ಅಂದಿನಿಂದ ಟಬ್‌ನ ಸರದಿ ಬಂದ ಮಕ್ಕಳು ಕಾಗುಣಿತ ಅರ್ಧಕ್ಕೆ ಬರುವಷ್ಟರಲ್ಲಿ ಸಾಲಾಗಿ ನಿದ್ದೆ ಹೋಗುತ್ತಿದ್ದರು, ಮತ್ತು ನನಗೆ ಎಬ್ಬಿಸಲು ಮನಸ್ಸಾಗುತ್ತಿರಲಿಲ್ಲ.