ಕೃಷ್ಣಮ್ಮನ ಅಂಜುಬುರುಕ ಮರಿಗಳು

ಅಬ್ಬಿಗೆರೆ ಪಕ್ಕದ ಸಿಂಗಾಪುರ ಹಳ್ಳಿಯ ಕೃಷ್ಣಮ್ಮ ಯಾರನ್ನೂ ಸುಲಭವಾಗಿ ನಂಬುವವರಲ್ಲ. ಹಾಲಿನವನ ಮುಂದೆಯೇ ಪಾತ್ರೆಯಲ್ಲಿ ಬೆರಳದ್ದಿ ನೋಡುತ್ತಿದ್ದರು. ಲೇಔಟಿನವರು ಸುತ್ತಲೂ ಸೈಟು ಮಾಡಿದ ಮೇಲೂ ಮನೆಯ ಹಿಂದೆ ಎಂಟು ನಾಟಿ ಕೋಳಿ ಸಾಕಿಕೊಂಡಿದ್ದ ಆಕೆಗೆ, ೨೦೧೩ರ ಬೇಸಿಗೆಯಲ್ಲಿ ಗೂಡಿನ ಮೊಟ್ಟೆಗಳು ಕಾಣೆಯಾಗತೊಡಗಿದಾಗ ಇಡೀ ಬೀದಿಯೇ ಕಳ್ಳರಂತೆ ಕಂಡಿತು. ಅಬ್ಬಿಗೆರೆಯ ತಮ್ಮನ ಮನೆಯಿಂದ ಒಂದು ಕಂದು ನಾಯಿಯನ್ನು ತಂದು ಗೂಡಿನ ಪಕ್ಕದ ಕಂಬಕ್ಕೆ ಕಟ್ಟಿದರು. ಕಳವು ನಿಂತಿತು. ಆದರೆ ಆಮೇಲೆ ಅವರ ಕೋಳಿಗಳು ಕಾವಿಗೆ ಕೂರುವುದನ್ನೇ ಬಿಟ್ಟವು.

ಪಕ್ಕದ ಮನೆಯ ಸಬೀರಾಳ ಹತ್ತಿರ ಕಾವಿಗೆ ಹೆಸರಾದ ಒಂದು ಕರಿ ಹೇಟೆ ಕೋಳಿ ಇತ್ತು. ಕೃಷ್ಣಮ್ಮ ಆರು ಮೊಟ್ಟೆ ಕೊಟ್ಟರು, ಸಬೀರಾ ತನ್ನವು ಆರು ಸೇರಿಸಿ ಅದರ ಕೆಳಗಿಟ್ಟಳು. ಮರಿಗಳು ಹೊರಬಂದಾಗ ಚಿಪ್ಪಿನ ಬಣ್ಣ ನೋಡಿ ಕೃಷ್ಣಮ್ಮನವುಗಳ ಕಾಲಿಗೆ ಕೆಂಪು ದಾರ ಕಟ್ಟಿದಳು.

ಕೆಂಪು ದಾರದ ಮರಿಗಳು ಸಣಕಲಾಗಿದ್ದವು. ತಟ್ಟೆ ಸದ್ದಾದರೂ ಮೂಲೆಗೆ ಓಡಿ ಒಂದರ ಮೇಲೊಂದು ಬೀಳುತ್ತಿದ್ದವು. ಸಬೀರಾಳವು ಮೂರನೇ ದಿನಕ್ಕೇ ಮಣ್ಣು ಕೆದಕುತ್ತಿದ್ದವು.

“ಒಳ್ಳೇವು ತಾನಿಟ್ಕೊಂಡು, ಕೆಟ್ಟವುಕ್ಕೆ ದಾರ ಕಟ್ಟವಳೆ,” ಎಂದು ಕೃಷ್ಣಮ್ಮ ಮನಸ್ಸಿನಲ್ಲೇ ತೀರ್ಮಾನಿಸಿದರು. ಮುಂದಿನ ಸಲದ ಆರೂ ಮೊಟ್ಟೆಗಳ ಬುಡದಲ್ಲಿ ಪೆನ್ಸಿಲಿನಿಂದ ಸಣ್ಣ ಗೀಟು ಎಳೆದು ಕೊಟ್ಟರು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆಯೇ ಹೋಗಿ ಸಬೀರಾಳ ಗೂಡಿನ ಮುಂದೆ ಕೂತರು.

“ನಾನೇ ನೋಡ್ಕೋತೀನಿ ಅಕ್ಕ, ನೀವ್ ಮನೆಗೆ ಹೋಗಿ,” ಎಂದಳು ಸಬೀರಾ.

“ಇರ್ಲಿ ಬಿಡು. ಮನೇಲಿ ಏನ್ ಕೆಲ್ಸ ನಂಗೆ?”

ಗೀಟಿದ್ದ ಒಂದೊಂದು ಚಿಪ್ಪು ಒಡೆದಾಗಲೂ ಮರಿಯನ್ನು ತಾವೇ ಎತ್ತಿ, ತಾವೇ ದಾರ ಕಟ್ಟಿದರು. ನಾಲ್ಕು ದಿನ ಬಿಟ್ಟು ನೋಡಿದರೆ ಅದೇ ಕತೆ. ಅದೇ ತಾಯಿಯ ರೆಕ್ಕೆಯ ಕೆಳಗೆ, ಅದೇ ನುಚ್ಚು ತಿಂದು, ಅವರ ಮರಿಗಳು ಮಾತ್ರ ನಡುಗುತ್ತಿದ್ದವು. ಮೋಸವಿಲ್ಲ. ಹಾಗಾದರೆ ಯಾರದೋ ಕಣ್ಣು ಬಿದ್ದಿರಬೇಕು ಎಂದು ಮೆಣಸಿನಕಾಯಿ ನೀವಾಳಿಸಿದರು.

ಮಹಡಿಯ ಮೇಲೆ ಬಾಡಿಗೆಗಿದ್ದ ಶಿಲ್ಪ ಹೆಬ್ಬಾಳದಲ್ಲಿ ಪಶುವೈದ್ಯ ಓದುತ್ತಿದ್ದಳು. ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಾ ಕೆಳಗಿಳಿದವಳು ಎಲ್ಲವನ್ನೂ ಕೇಳಿಸಿಕೊಂಡು, ಮರಿಗಳನ್ನಲ್ಲ, ಕೃಷ್ಣಮ್ಮನ ಕೋಳಿಗಳನ್ನು ನೋಡಹೋದಳು. ನಾಯಿ ಬೊಗಳಿತು. ಎಂಟೂ ಕೋಳಿಗಳು ಗೋಡೆಗೆ ಅಪ್ಪಳಿಸಿದವು.

“ಆಂಟಿ, ಇವು ದಿನಾ ಹಿಂಗೇನಾ?”

“ನಾಯಿ ಅಂದ್ರೆ ಎದ್ರಲ್ವಾ?”

“ತಾಯಿ ಹೆದರಿದಾಗ ಮೈಯಲ್ಲಿ ಒಂದು ಹಾರ್ಮೋನ್ ಜಾಸ್ತಿ ಆಗುತ್ತೆ. ರಕ್ತದಿಂದ ಅದು ಮೊಟ್ಟೆಗೂ ಸ್ವಲ್ಪ ಸೇರುತ್ತೆ. ಒಳಗೆ ಬೆಳೆಯೋ ಮರಿ ಮೇಲೆ ಅದರ ಪ್ರಭಾವ ಇರುತ್ತೆ. ಹುಟ್ತಾನೇ ಸಣ್ಣದಾಗಿ, ಅಂಜಿಕೊಂಡು ಇರಬಹುದು. ಯಾರ ಕೆಳಗೆ ಕಾವು ಕೊಟ್ರೂ ಅದು ಹೋಗಲ್ಲ. ಇದೇ ಕಾರಣ ಅಂತ ಗ್ಯಾರಂಟಿ ಹೇಳಲ್ಲ. ಆದ್ರೆ ನಾಯೀನ ಕಳಿಸಿ ನೋಡಿ. ಮೊಟ್ಟೆಯೊಳಗೆ ಹಳದಿ ತುಂಬೋಕೆ ಹತ್ತು ದಿನ ಬೇಕು, ಆಮೇಲಿನ ಮೊಟ್ಟೆ ಕಾವಿಗೆ ಇಡಿ.”

ಕೃಷ್ಣಮ್ಮನಿಗೆ ಈಗ ಶಿಲ್ಪಳ ಮೇಲೆಯೇ ಅನುಮಾನ. ಬೊಗಳಾಟಕ್ಕೆ ಓದಲಾಗುತ್ತಿಲ್ಲವೆಂದು ಕತೆ ಕಟ್ಟುತ್ತಿದ್ದಾಳೋ ಏನೋ. ಒಂದು ವಾರ ನಾಯಿ ಕಂಬದಲ್ಲೇ ಇತ್ತು. ಒಂದು ಸಂಜೆ ನಡುಗುತ್ತಿದ್ದ ಮರಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಾಗ, ನಾಯಿ ತಂದ ತಿಂಗಳನ್ನೂ ಕೋಳಿಗಳು ಕಾವು ಬಿಟ್ಟ ತಿಂಗಳನ್ನೂ ತಾವೇ ಲೆಕ್ಕ ಹಾಕಿದರು. ಮಾರನೆಯ ದಿನ ನಾಯಿ ಅಬ್ಬಿಗೆರೆಗೆ ಹೋಯಿತು.

ಮೂರು ವಾರ ಕಳೆದು ಹೊಸ ಮೊಟ್ಟೆಗಳನ್ನು ಹಿಡಿದು ಸಬೀರಾಳ ಬಾಗಿಲಿಗೆ ಹೋದರು. ಹೇಳದಿದ್ದರೆ ನಿದ್ದೆ ಬಾರದು ಎನ್ನಿಸಿತ್ತು. “ನಿನ್ ಮೇಲೆ ಅನುಮಾನ ಪಟ್ಟಿದ್ದೆ ಕಣೇ. ನಮ್ ಕೋಳಿಗಳ್ದೇ ತೊಂದ್ರೆ. ನಾಯಿ ಕಟ್ಟಿ ನಾನೇ ಎದರಿಸಿದ್ದೆ.”

ಸಬೀರಾ ಅಕ್ಕಿ ಆರಿಸುತ್ತಲೇ ಇದ್ದಳು. “ಗೊತ್ತಿತ್ತು ಅಕ್ಕ. ಅವತ್ತು ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ನಮ್ಮನೇಲಿ ಕೂತ್ರಿ. ಒಂದ್ ಲೋಟ ನೀರೂ ಕುಡೀಲಿಲ್ಲ.” ಆಮೇಲೆ ಮೆಲ್ಲಗೆ ಹೇಳಿದಳು, “ಈ ಸಲ ನಿಮ್ ಕೋಳಿ ಕೆಳಗೇ ಇಟ್ಕೊಳ್ಳಿ.”

ಕೃಷ್ಣಮ್ಮ ಮೊಟ್ಟೆಗಳನ್ನು ವಾಪಸು ತಂದರು. ಅದೇ ವಾರ ಅವರ ಕೆಂಚು ಹೇಟೆ ತಾನಾಗಿ ಕಾವಿಗೆ ಕೂತಿತು. ಐದು ಮರಿಗಳಾದವು. ಬೂದಿಗುಂಡಿಯಲ್ಲಿ ಕೆದಕಿ, ಕಾಗೆ ಕಂಡರೂ ಕತ್ತೆತ್ತಿ ನಿಲ್ಲುವಂಥವು. ಕಾಂಪೌಂಡಿನ ಆಚೆಯಿಂದ ಸಬೀರಾ ತುಂಬ ಹೊತ್ತು ನೋಡಿದಳು.

“ಚುರುಕಾಗಿವೆ ಅಕ್ಕ.”

“ಒಳೀಕ್ ಬಂದ್ ನೋಡು.”

“ಒಲೆ ಮೇಲೆ ಹಾಲಿದೆ,” ಎಂದು ಹೊರಟುಹೋದಳು ಸಬೀರಾ. ಅವಳು ಆ ಮನೆಯ ಹೊಸ್ತಿಲು ದಾಟಿ ಬರಲು ಮತ್ತೆರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಕೃಷ್ಣಮ್ಮ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಲಿಲ್ಲ.